ಇಂಜಿನ್ನಿನ ಸೋಮವಾರ

ಇಂಜಿನ್ ಹೇಗೆ ಓಡುತ್ತದೆಂದು ಮೊಮ್ಮಕ್ಕಳು ಕೇಳಿದರೆ ನಾನು ಕೆನ್ನೆ ಉಬ್ಬಿಸಿ ತೋರಿಸುತ್ತೇನೆ. ನಗುತ್ತಾರೆ. ನಗಲಿ ಬಿಡಿ, ಚಿಕ್ಕಂದಿನಲ್ಲಿ ನಮ್ಮ ಅಜ್ಜಿಗೆ ನಾನು ತಿಳಿಸಿ ಹೇಳಿದ್ದೂ ಹಾಗೆಯೇ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ನಿಗೆ ಮುಂಚೆ ಎಣ್ಣೆ ಸಿಗದೆ ಮುಚ್ಚಿದ್ದ ಸಂತಪುರದ ಹಿಟ್ಟಿನ ಗಿರಣಿ, ಗದ್ದಲ ಅಡಗಿದ ಮೇಲೆ ಮತ್ತೆ ಶುರುವಾಯಿತು. ಊರಿನ ಹೆಂಗಸರೆಲ್ಲ ಜೋಳದ ಬುಟ್ಟಿ ಹೊತ್ತು ಓಡಿದರು. ನಮ್ಮ ಅವ್ವ ಮಾತ್ರ ಬೀಸುವ ಕಲ್ಲಿನ ಮುಂದೆಯೇ ಕೂತಳು. ಬಲಭುಜ ಬಾತು, ತಲೆ ಬಾಚಿಕೊಳ್ಳಲೂ ಅವಳ ಕೈ ಏಳುತ್ತಿರಲಿಲ್ಲ. ಆದರೆ ಅಪ್ಪನ ತಾಯಿ, ನಮ್ಮ ಆಯಿ, ಒಪ್ಪಬೇಕಲ್ಲ! ಲಿಂಗಪೂಜೆಯಾಗದೆ ನೀರು ಮುಟ್ಟದವಳು. ಗಿರಣಿ ಓಡಿಸುವ ಆ ಇಂಜಿನ್ನೆಂಬ ಕರಿ ಭೂತ ಏನು ತಿನ್ನುತ್ತದೋ, ಏನು ಕುಡಿಯುತ್ತದೋ ತಿಳಿಯದೆ ಅದರ ಹಿಟ್ಟು ಮನೆಯೊಳಗೆ ಬರಕೂಡದು ಎಂದು ಹಟ ಹಿಡಿದಿದ್ದಳು.

ನನಗೆ ರೇಗಿತು. ನೇರ ಗಿರಣಿಗೆ ಹೋಗಿ, ಇದು ಏನು ತಿನ್ನುತ್ತದೆ ಹೇಳು ಎಂದು ಗಿರಣಿ ನಡೆಸುವ ಚಾಚಾನ ಬೆನ್ನು ಬಿದ್ದೆ. ಪಾಪ, ಕೆಲಸ ಬಿಟ್ಟು ಬಿಡಿಸಿ ಹೇಳಿದ. ಕಬ್ಬಿಣದ ಕೊಳವೆಯೊಳಗೆ, ಹೋಳಿಯ ಪಿಚಕಾರಿಯಲ್ಲಿದ್ದಂತೆ, ಹಿಂದೆ ಮುಂದೆ ಆಡುವ ಪಿಸ್ಟನ್ ಇದೆ. ಹಿಂದೆ ಸರಿದಾಗ ಗಾಳಿ ಎಳೆದುಕೊಳ್ಳುತ್ತದೆ. ಮುಂದೆ ಬಂದು ಆ ಗಾಳಿಯನ್ನು ಅದುಮುತ್ತದೆ. ಅದುಮಿದ ಗಾಳಿ ಸುಡುಸುಡು ಕಾಯುತ್ತದೆ. ಅದರೊಳಗೆ ಚೂರು ಎಣ್ಣೆ ಬಿತ್ತೋ, ಢಂ! ಪಿಸ್ಟನ್ ಹಿಂದಕ್ಕೆ ಹಾರುತ್ತದೆ, ದೊಡ್ಡ ಚಕ್ರ ತಿರುಗುತ್ತದೆ, ಚಕ್ರದ ಪಟ್ಟಾ ಗಿರಣಿ ಕಲ್ಲನ್ನು ತಿರುಗಿಸುತ್ತದೆ. ಮರಳಿ ಬಂದ ಪಿಸ್ಟನ್ ಹೊಗೆಯನ್ನು ಹೊರಗೆ ನೂಕಿ ಮತ್ತೆ ಗಾಳಿ ಎಳೆಯುತ್ತದೆ. ಮೈ ಕಾಯದಿರಲೆಂದು ಪಕ್ಕದ ತೊಟ್ಟಿಯಿಂದ ನೀರು. ಅಷ್ಟೇ. ಮಾಂಸವಿಲ್ಲ, ಹೆಂಡವಿಲ್ಲ.

ಮನೆಗೆ ಬಂದು ಆಯಿಯ ಮುಂದೆ ನಾನೇ ಇಂಜಿನ್ ಆದೆ. ಉಸಿರೆಳೆದು, ಕೆನ್ನೆ ಉಬ್ಬಿಸಿ, ಢಂ ಎಂದೆ. ಬಾಯಲ್ಲಿದ್ದ ಪುಟಾಣಿ ಕಡಲೆಯೆಲ್ಲ ಆಯಿಯ ಮುಖಕ್ಕೆ ಹಾರಿತು. ಎಂಜಲು! ಬಾಯಿಗೆ ಬಂದಂತೆ ಬೈದಳು, ಮತ್ತೊಮ್ಮೆ ಸ್ನಾನ ಮಾಡಿದಳು, ಆಮೇಲೆ ಕೂತು ಯೋಚಿಸಿದಳು.

“ಉಸುರ ತಗೋತದ, ನೀರ ಕುಡೀತದ, ದಿನಾ ದುಡೀತದ. ಮತ್ತ ಎತ್ತಿಗೂ ಅದಕ್ಕೂ ಏನ್ ಫರಕ್? ಹೋಗ್ಲಿ, ಬೀಸಿಸ್ಕೊಂಡ ಬರ್ರಿ. ಆದ್ರ ಸೋಮವಾರ ಬ್ಯಾಡ.”

ಸೋಮವಾರ ನಮ್ಮಲ್ಲಿ ಬಸವನ ದಿನ; ಎತ್ತಿನ ಹೆಗಲ ಮೇಲೆ ಯಾರೂ ನೊಗ ಇಡುವುದಿಲ್ಲ. ಗೆದ್ದೆನೆಂದು ನಾನು ಕುಣಿದೆ. ಅಷ್ಟರಲ್ಲಿ ಆಯಿ, ದಿನದ ಹಿಟ್ಟು ದಿನವೇ ಆಗಬೇಕು, ಸೋಮವಾರಕ್ಕೆ ಮನೆಯ ಕಲ್ಲು ಇದ್ದೇ ಇದೆಯಲ್ಲ ಎಂದು ಸೇರಿಸಿದಳು.

ಅವ್ವ ಆಯಿಗೆ ಎದುರಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಲ್ಲಿನ ಗೂಟ ಬಿಡದೆ, ತಲೆ ಎತ್ತದೆ ಕೇಳಿದಳು.

“ಎತ್ತಿಗಿ ಸೋಮವಾರ ಅದ. ಇಂಜಿನ್ನಿಗೂ ಸಿಕ್ತು. ನಂದ್ ಯಾವಾಗರಿ, ಅತ್ತಿ?”

ಮುಂದಿನ ಸೋಮವಾರ ಅವ್ವ ಏಳುವಷ್ಟರಲ್ಲಿ ಬೀಸುವ ಕಲ್ಲಿನ ಮೇಲೆ ಆಯಿಯ ಕಂಬಳಿ ಹೊದಿಸಿತ್ತು. ಹಲ್ಲಿಲ್ಲದ ಆಯಿ ಹಿಂದಿನ ದಿನದ ಗಟ್ಟಿ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ತಿಂದಳು. ಕೈ ತೊಳೆದು ಬಂದು, ಅವ್ವನನ್ನು ಅಂಗಳದ ಬಿಸಿಲಿಗೆ ಕೂರಿಸಿಕೊಂಡು, ಅವಳ ತಲೆ ಬಾಚಿದಳು.