ಚಟವಿಲ್ಲದ ಮನೆಯ ಗುಳಿಗೆ

"ನಮ್ಮ ಮನಿಯಾಗ ಯಾರಿಗೂ ಚಟ ಹತ್ತೂದು ಸಾಧ್ಯನೇ ಇಲ್ಲ" ಎಂದು ಭಾಲ್ಕಿಯ ನಮ್ಮ ಓಣಿಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದವರು ಪಕ್ಕದ ಮನೆಯ ಕಾಕಾ. ಸೇಂದಿ, ದಾರು ಹಾಗಿರಲಿ, ಅವರಲ್ಲಿ ಚಹಾ ಕೂಡ ಒಂದೇ ಹೊತ್ತು.

ಮೊನ್ನೆ ಬೀದರದಲ್ಲಿ, ನಾನು ಕೆಲಸ ಮಾಡುವ ಮೆಡಿಕಲ್ ಅಂಗಡಿಗೆ ಔರಾದ ಕಡೆಯ ಹೆಂಗಸೊಬ್ಬರು ಬಂದು, ಸೆರಗಿನ ಗಂಟು ಬಿಚ್ಚಿ, ಗುಳಿಗೆ ಪಟ್ಟಿಯ ಕತ್ತರಿಸಿದ ತುಂಡೊಂದನ್ನು ಮುಂದಿಟ್ಟರು.

"ಇದೇ ಕೊಡವ್ವ. ಡಾಕ್ಟರ ಚೀಟಿ ಇಲ್ಲ."

ಆ ಬೆಳ್ಳಿ ಬಣ್ಣದ ತುಂಡು ನೋಡಿದ್ದೇ ತಡ, ಕಾಕಾನ ಹೆಂಡತಿ, ನಮ್ಮ ಕಾಕು, ನೆನಪಾದರು...

ಕಾಕು ದಾಲ್ ಮಿಲ್ಲಿನಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಕೂತು ಕೂತು ಸೊಂಟ ಹಿಡಿಯುತ್ತಿತ್ತು. ನೋವಿಗೆ ನಿದ್ದೆಯಿಲ್ಲ, ನಿದ್ದೆಯಿಲ್ಲದೆ ಹೋದರೆ ಕೈ ನಿಧಾನ, ಕೈ ನಿಧಾನವಾದವರನ್ನು ಮಿಲ್ಲಿನವರು ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದರು. ನೋವು ಮರೆತು ನಿದ್ದೆ ಬರಲೆಂದು ಡಾಕ್ಟರು ಎಂದೋ ಬರೆದುಕೊಟ್ಟ ಗುಳಿಗೆ ಹಾಗಾಗಿ ನಿಲ್ಲಲೇ ಇಲ್ಲ. ಒಂದು ಹೋಗಿ ಎರಡಾಯಿತು, ಆಮೇಲೆ ಎಷ್ಟೋ... ಮಿಲ್ಲಿನ ಹೆಂಗಸರು ಎಲೆ-ಅಡಿಕೆ ಹಂಚಿದಂತೆ ಗುಳಿಗೆ ಹಂಚಿಕೊಳ್ಳುತ್ತಿದ್ದರು. ಪರೀಕ್ಷೆಯ ಹೊತ್ತಿಗೆ ನನಗೆ ತಲೆನೋವು ಬಂದಾಗ ನನ್ನ ಅಂಗೈಗೂ ಅರ್ಧ ಮುರಿದು ಹಾಕಿದ್ದರು.

"ನುಂಗು ತಂಗಿ, ಹಗುರಾಗ್ತದ."

ಪ್ರೀತಿಯಿಂದಲೇ ಕೊಟ್ಟಿದ್ದು. ಆದರೆ ಅವರ ಬೆರಳು ನಡುಗುತ್ತಿದ್ದವು. ನನಗೆ ನುಂಗಲು ಧೈರ್ಯ ಬರಲಿಲ್ಲ.

ಮುಂದೊಂದು ದಿನ ಭಾಲ್ಕಿಯ ಮೆಡಿಕಲ್ ಅಂಗಡಿಯವರು ಚೀಟಿ ಇಲ್ಲದೆ ಕೊಡುವುದಿಲ್ಲ ಎಂದುಬಿಟ್ಟರು. ಗುಳಿಗೆ ತಪ್ಪಿದ್ದೇ ಕಾಕು ಬೆವರಿ ತೊಯ್ದು, ಏನೇನೋ ಬಡಬಡಿಸಿ, ಸೆಳೆತ ಬಂದು ಬಿದ್ದರು. ಬೀದರದ ಆಸ್ಪತ್ರೆಗೆ ಒಯ್ದೆವು.

"ಏನರ ಚಟ ಅದೇನ್ರಿ?" ಡಾಕ್ಟರು ಕೇಳಿದರು.

"ಛೇ ಛೇ, ನಮ್ಮದು ಮರ್ಯಾದಿ ಮನಿ ಅದರಿ ಸಾಹೇಬ್ರ" ಎಂದರು ಕಾಕಾ.

ಅವರು ಸುಳ್ಳು ಹೇಳಲಿಲ್ಲ. ಗುಳಿಗೆ ಎಂದರೆ ದವಾ, ಅದು ಚಟ ಹೇಗಾದೀತು? ನಾನು ಬಾಗಿಲಲ್ಲಿ ನಿಂತೇ ಹೇಳಿದೆ.

"ಕಾಕು ದಿನಾ ಗುಳಗಿ ನುಂಗ್ತಾರ್ರಿ. ಭಾಳ ನುಂಗ್ತಾರ."

"ಸಾಲಿ ಕಲ್ತು ಇದನ್ನ ಕಲ್ತೇನು?" ಕಾಕಾ ನನ್ನತ್ತ ತಿರುಗಿದರು. ಡಾಕ್ಟರು ಮಾತ್ರ ಯಾವ ಗುಳಿಗೆ ಎಂದು ಕೇಳಿ, ಬೇರೆ ಔಷಧಿ ಶುರು ಮಾಡಿಸಿದರು.

ಕಾಕು ಉಳಿದರು. ಆದರೆ ಓಣಿಯಲ್ಲಿ ಅವರಿಗೆ ನಶೆಯ ಹೆಂಗಸು ಎಂಬ ಹೆಸರು ಬಿತ್ತು. ಕಾಕು ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಎದುರಾದರೆ ಮುಖ ತಿರುಗಿಸುತ್ತಿದ್ದರು. ನಾನು ಫಾರ್ಮಸಿ ಓದಲು ಸೇರಿದ್ದೇ ಅವರನ್ನು ನೋಡಿ. ಅದನ್ನು ಅವರಿಗೆ ಹೇಳಬೇಕು ಹೇಳಬೇಕು ಎನ್ನುವುದರೊಳಗೆ, ಹೋದ ವರ್ಷ, ಅವರು ತೀರಿಕೊಂಡರು...

ಔರಾದ ಕಡೆಯ ಆ ಹೆಂಗಸಿಗೆ ಗುಳಿಗೆ ಕೊಡಲಿಲ್ಲ. "ಒಮ್ಮಿಗೇ ಬಿಡಬ್ಯಾಡ್ರಿ, ಇವತ್ತೇ ಡಾಕ್ಟರಿಗಿ ತೋರಸ್ರಿ" ಎಂದೆ. ಅವರು ತುಂಡನ್ನು ಮತ್ತೆ ಗಂಟು ಕಟ್ಟಿಕೊಂಡು ಎದುರಿನ ಅಂಗಡಿಯತ್ತ ನಡೆದರು.

ನಿನ್ನೆ ನನ್ನ ಫಾರ್ಮಸಿ ಪದವಿ ಪ್ರಮಾಣಪತ್ರ ಬಂತು. ನಮ್ಮ ಮನೆತನದಲ್ಲೇ ಮೊದಲನೆಯದು. ಭಾಲ್ಕಿಗೆ ಹೋಗಿ ಅವ್ವನ ಕೈಗಿಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಚೊಲೋ ಆಯ್ತು ಬಿಡವ್ವ. ಇನ್ನ ನನ್ನ ಮೊಣಕಾಲಿನ ಗುಳಗಿಗಿ ಯಾರ ಚೀಟಿನೂ ಬ್ಯಾಡ."