ಬಿಲ್ಲಿನ ಪರದೆಗೆ ಬಣ್ಣ

ಮಕ್ಕಳೇ, ಬೆಟಗೇರಿಯ ನಮ್ಮ ಸೀರೆ ಅಂಗಡಿಯಲ್ಲಿ ಆಗ ಬಿಲ್ಲು ಮಾಡುವ ಕೆಲಸ ನನ್ನದು. ಕಂಪ್ಯೂಟರಿನಲ್ಲಿದ್ದದ್ದು ಯಾರು ಬೇಕಾದರೂ ಪುಕ್ಕಟೆ ಬಳಸಿ, ತಿದ್ದಿಕೊಳ್ಳಬಹುದಾದ ಸಾಫ್ಟ್‌ವೇರ್. ಒಮ್ಮೆ ಅದರಲ್ಲಿ ಪರದೆಯ ಬಣ್ಣವನ್ನು ನಾವೇ ಆರಿಸಿಕೊಳ್ಳುವ ಅನುಕೂಲ ಬಂತು. ನಮ್ಮ ಮನೆಯಲ್ಲಿ ಗಂಡ ಸತ್ತವರು ಹಸಿರು, ಕೆಂಪು ಉಡುವಂತಿರಲಿಲ್ಲ; ನಿಮ್ಮ ಅಜ್ಜ ತೀರಿಹೋದಮೇಲೆ ನಾನು ಹಸಿರು ಸೀರೆ ಉಟ್ಟಿರಲಿಲ್ಲ. ಯಾರೂ ಇಲ್ಲದ್ದು ನೋಡಿ ಹಸಿರನ್ನೇ ಒತ್ತಿದೆ.

ಅಷ್ಟರಲ್ಲಿ ಅತ್ತೆ ಬಂದರು. ಅವರೂ ಗಂಡನನ್ನು ಕಳಕೊಂಡವರು, ಮನೆಯ ಕಟ್ಟುಪಾಡು ಕಾಯುವವರು.

"ಏನವಾ ಇದು, ಹಸರು ಯಾಕ?"

"ನಾ ಉಟ್ಟಿಲ್ರೀ ಅತ್ತಿ, ಕಂಪ್ಯೂಟರ್ ಉಟ್ಟೈತಿ" ಅಂದೆ. ತೆಗೆಸಿಬಿಡುತ್ತಾರೆ ಅಂದುಕೊಂಡೆ.

ಅವರು ಬಾಗಿಲ ಕಡೆ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡು ಕುಳಿತರು.

"ಇರ್ಲಿ ಬಿಡು. ಆದ್ರ ಮಧ್ಯಾಹ್ನ ಊಟಕ್ಕ ಹೋಗೂ ಮುಂದ ಅದಕ್ಕ ಕೆಂಪು ಉಡಸಿ ಹೋಗು. ಆಗ ಅಂಗಡ್ಯಾಗ ನಾ ಕುಂಡ್ರತೀನಿ."