ತೊಗಲಿನ ಸೀಟು

ಹೊಸ ಕಾರು ಮನೆಗೆ ಬಂದ ದಿನ ಅವ್ವ ಆರತಿ ತಟ್ಟೆ ಹಿಡಿದುಕೊಂಡೇ ಅದರ ಬಾಗಿಲು ತೆರೆದು ಸೀಟು ಸವರಿದಳು. "ಏನೋ ವಾಸನಿ ಬರಾಕತ್ತೈತಲ್ಲ?" ಎಂದಳು. ನನ್ನ ನಾಲಿಗೆ ಸುಮ್ಮನಿರಬಾರದೇ? ಶೋರೂಮಿನವನು ಹೇಳಿದ್ದನ್ನೇ ಗತ್ತಿನಿಂದ ಒಪ್ಪಿಸಿದೆ: "ಸೀಟು ಅಸಲಿ ತೊಗಲಿಂದೈತಿ ಅವ್ವಾ."

ನಾವು ಜೈನರು. ಬಸದಿಗೆ ಹೋದರೆ ತೊಗಲಿನ ಬೆಲ್ಟು, ಪಾಕೀಟು ಹೊರಗೇ ತೆಗೆದಿಡುವವರು. ಅದು ನನಗೆ ನೆನಪಾಗುವಷ್ಟರಲ್ಲಿ ಅವ್ವ ಕೈ ಹಿಂದೆ ತೆಗೆದಿದ್ದಳು.

"ಮ್ಯಾಲೆ ಬಟ್ಟಿ ಕವರ್ ಹಾಕಿದ್ರಾತು ಬಿಡ್ರಿ ಅತ್ತಿ," ಎಂದಳು ನನ್ನ ಹೆಂಡತಿ.

"ಹೆಣದ ಮ್ಯಾಲೆ ಚಾದರ ಹೊಚ್ಚಿದ್ರ ಅದು ಹಾಸಿಗಿ ಆಗತೈತೇನ?" ಎಂದಳು ಅವ್ವ.

"ಧರ್ಮ ಬಸದ್ಯಾಗಿರಲಿ, ಕಾರು ರಸ್ತಾದಾಗಿರಲಿ. ಎರಡೂ ಯಾಕ ಕಲಸ್ತೀರಿ?" ಎಂದ ಅಣ್ಣ. ಎಲ್ಲರ ಮಾತೂ ನನಗೆ ಸರಿಯೆನಿಸಿತು. ಅದೇ ಫಜೀತಿ.

ಮುಂದಿನ ವಾರ ಅಥಣಿಯಲ್ಲಿ ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ಕಾರು ತಂದದ್ದೇ ಅವ್ವನ ಮೊಣಕಾಲು ನೋವಿಗೆಂದು. ಆಕೆ ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದಳು. ನನ್ನ ಹೆಂಡತಿಯೂ ಅವಳ ಹಿಂದೆಯೇ ಹತ್ತಿದಳು. "ನೀ ನಿನ್ನ ಗಾಡ್ಯಾಗ ಸಾವಕಾಶ ಬಾರಪಾ," ಎಂದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಖಾಲಿ ಕಾರಿನಲ್ಲಿ ನಾನೊಬ್ಬನೇ ಬಸ್ಸಿನ ಬೆನ್ನು ಹತ್ತಿದೆ. ಅದರ ಕೊನೆಯ ಸೀಟಿನಲ್ಲಿ ಕುಲುಕಾಡುತ್ತ ಅವ್ವ ಹಿಂದಿನ ಗಾಜಿನಿಂದ ತಿರುಗಿ ತಿರುಗಿ ನೋಡುತ್ತಿದ್ದಳು, ನಾನು ನೆಟ್ಟಗೆ ಬರುತ್ತಿದ್ದೇನೋ ಇಲ್ಲವೋ ಎಂದು. ರಸ್ತೆ ಖಾಲಿಯಿತ್ತು. ಅಥಣಿ ಮುಟ್ಟುವವರೆಗೂ ಆ ಬಸ್ಸನ್ನು ದಾಟಲು ನನ್ನಿಂದಾಗಲಿಲ್ಲ.